ಇಡೀ ಟ್ಯೂಬು

೧೪ ಜುಲೈ, ಸೋಮವಾರ

ನಯನಾಳ ನೀಲಿ ತುಟಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮೂರು ವಾರಕ್ಕೊಮ್ಮೆ ಮಗಳಿಗೆ ರಕ್ತ ಕೊಡಿಸಬೇಕು. ಹೋದ ಸಲ ನರ ಸಿಗದೆ ನಾಲ್ಕು ಕಡೆ ಚುಚ್ಚಿದ್ದರು. ಅದಕ್ಕೇ ಡಾಕ್ಟರು ಚರ್ಮ ಮರಗಟ್ಟಿಸುವ ಜೆಲ್ ಬರೆದುಕೊಟ್ಟರು. "ಒಂದೇ ಕಡೆ, ಸ್ವಲ್ಪವೇ, ಒಂದು ಗಂಟೆ ಮುಂಚೆ ಹಚ್ಚಿ" ಎಂದು ನರ್ಸ್ ಎರಡು ಸಲ ಹೇಳಿದರು. ಗ್ಯಾರೇಜಿನಲ್ಲಿ ಬೇರಿಂಗಿಗೆ ಗ್ರೀಸ್ ಮೆತ್ತುವ ಕೈ ನನ್ನದು. ಹೆಚ್ಚಾದರೆ ಒಳ್ಳೆಯದೇ ಎಂದುಕೊಂಡೆ. ಬೆಳಿಗ್ಗೆ ಎರಡು ತೋಳಿಗೂ ಇಡೀ ಟ್ಯೂಬು ಹಿಂಡಿ ಪ್ಲಾಸ್ಟಿಕ್ ಸುತ್ತಿದೆ. ಆಸ್ಪತ್ರೆಯ ಸಾಲಿನಲ್ಲೇ ಮೂರು ಗಂಟೆ ಹೋಯಿತು. ಮಗು ತೊಡೆಯ ಮೇಲೆ ಒರಗಿತು. ನಿದ್ದೆ ಎಂದುಕೊಂಡೆ. ತುಟಿ ನೀಲಿಯಾದದ್ದು ಕಂಡು ನರ್ಸ್ ಕೂಗಿದರು.

ಡಾಕ್ಟರು ಓಡಿ ಬಂದು, "ಎಷ್ಟು ಹಚ್ಚಿದ್ರಿ?" ಎಂದರು.

"ಸ್ವಲ್ಪ ಸಾರ್."

ಬೈತಾರೆ ಅನ್ನುವ ಭಯಕ್ಕೆ ಸುಳ್ಳು ಹೇಳಿದೆ. ಮಗಳ ಉಸಿರಿಗಿಂತ ನನ್ನ ಮಾನ ದೊಡ್ಡದಾಯಿತು. ಅವರು ಬೇರೇನೋ ಕಾಯಿಲೆ ಹುಡುಕುತ್ತಿದ್ದಾಗ ನನ್ನ ಹೆಂಡತಿ ಚಲುವಿ ಬ್ಯಾಗಿನಿಂದ ಖಾಲಿ ಟ್ಯೂಬು ತೆಗೆದು ಕೊಟ್ಟಳು. "ಇಷ್ಟೂ ಹಚ್ಬುಟ್ಟವ್ರೆ ಸಾರ್."

ಜೆಲ್ ಹೆಚ್ಚಾಗಿ ಚರ್ಮದಿಂದ ರಕ್ತಕ್ಕೆ ಇಳಿದಿದೆ ಎಂದರು ಡಾಕ್ಟರು. ಆಮೇಲೆ ತೋಳು ಒರೆಸಿದರು, ಆಕ್ಸಿಜನ್ ಇಟ್ಟರು, ಏನೋ ಇಂಜೆಕ್ಷನ್ ಕೊಟ್ಟರು. ಸಂಜೆಗೆ ತುಟಿಗೆ ಬಣ್ಣ ಬಂತು. ಚಲುವಿ ಇನ್ನೂ ನನ್ನ ಮುಖ ನೋಡಿಲ್ಲ.

ಮೂರು ವಾರ ಕಳೆದರೆ ಮತ್ತೆ ಸೂಜಿ. ಅಳತೆಯಾಗಿ ಹಚ್ಚಿದರೆ ಭಯವಿಲ್ಲವಂತೆ. ಆದರೆ ಆ ಟ್ಯೂಬು ಮುಟ್ಟಲು ಈ ಕೈಗೆ ಧೈರ್ಯವಿಲ್ಲ. ಹಚ್ಚದಿದ್ದರೆ ಅವಳ ಕಿರುಚಾಟ ಕೇಳಲಾರೆ. ಏನು ಮಾಡಲಿ.

ಮಲಗುವ ಮುಂಚೆ ನಯನಾ ನನ್ನ ಬೆರಳು ಹಿಡಿದುಕೊಂಡು ಅಂದಳು, "ಇನ್ಮೇಲೆ ಚುಚ್ಚಿದ್ರೂ ಅಳಲ್ಲ ಕಣಪ್ಪ. ನೀನು ಮಾತ್ರ ಅದನ್ನ ಹಚ್ಬೇಡ."