ಅಕ್ಕನ ಎದೆಬಡಿತ ಮತ್ತು ನಿಮ್ಮ ಬೀಗ

ಕ್ರೀಡಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನನ್ನು ವೇದಿಕೆಗೆ ಕರೆದು ಸನ್ಮಾನಿಸುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. 'ನಮ್ಮ ಯಂತ್ರ ಉಳಿಸಿದ ಜೀವ' ಎಂದು ಒಳಾಂಗಣ ಕ್ರೀಡಾಂಗಣದ ಬಾಗಿಲಿಗೆ ಕಟ್ಟಿಸಿರುವ ಬ್ಯಾನರನ್ನೂ ಇಳಿಸಿ. ನಿಂತ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಆ ಯಂತ್ರ ಅಂದು ಯಾವ ಸ್ಥಿತಿಯಲ್ಲಿತ್ತು ಎಂಬುದು ನಿಮಗೆ ಗೊತ್ತು. ಊರಿಗೂ ಗೊತ್ತಾಗಲಿ.

ಅಕ್ಕ ಬಸ್ ಕಂಡಕ್ಟರ್. ಕಿಕ್ಕಿರಿದ ಬಸ್ಸಿನಲ್ಲಿ ಅವಳು ನಿಲ್ದಾಣದ ಹೆಸರು ಕೂಗಿದರೆ ಕೊನೆಯ ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಕೂರುತ್ತಿದ್ದರು. ರಜೆ ಸಿಕ್ಕಾಗ ನಾವಿಬ್ಬರೂ ನಿಮ್ಮಲ್ಲಿಗೆ ಬ್ಯಾಡ್ಮಿಂಟನ್ ಆಡಲು ಬರುತ್ತಿದ್ದೆವು. ಅಂದು ಅವಳ ಎದುರಾಳಿ ಪಕ್ಕದ ಬೀದಿಯ ಟೈಲರಮ್ಮ. "ನಿಮ್ ಕೈಲಾಗಲ್ಲ ಬಿಡಿ, ಹೋಗಿ ಗುಂಡಿ ಹೊಲೀರಿ" ಎಂದು ರೇಗಿಸುತ್ತಾ ಸರ್ವ್ ಮಾಡಲು ಕೈಯೆತ್ತಿದ ಅಕ್ಕ ನಿಂತಲ್ಲೇ ಕುಸಿದಳು. ಉಸಿರಿರಲಿಲ್ಲ.

ಜನ ಸೇರಿದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಗಾಳಿ ಬಿಡಿ ಎಂದು ಕೂಗಿದರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. "ಎದೆ ಮಧ್ಯ ಜೋರಾಗಿ ಒತ್ತಿ, ನಿಲ್ಲಿಸ್ಬೇಡಿ" ಎಂದಿತು ಆ ಕಡೆಯ ದನಿ. ಹತ್ತಿರವೇ ನಿಂತಿದ್ದ ದೊಡ್ಡ ಮನುಷ್ಯರೊಬ್ಬರು, "ಹೆಂಗಸ್ರಲ್ವಾ, ಹೇಗ್ರೀ ಮುಟ್ಟೋದು?" ಎಂದು ಹಿಂದೆ ಸರಿದರು.

"ಸತ್ರೆ ಹೊರೋಕೆ ಮುಟ್ತೀರಲ್ಲಾ, ಬದುಕಿಸೋಕೆ ಮುಟ್ಟಿದ್ರೆ ಏನಾಗುತ್ತೆ? ಸರೀರಿ ಆಚೆ!" ಎಂದು ಅವರನ್ನು ತಳ್ಳಿ ಟೈಲರಮ್ಮ ಮಂಡಿಯೂರಿ ಒತ್ತತೊಡಗಿದರು. ನಾನು ಯಂತ್ರಕ್ಕೆ ಓಡಿದೆ. ಗಾಜಿನ ಬಾಗಿಲ ಹಿಂದೆ ಅದು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಬಾಗಿಲಿಗೆ ಬೀಗ!

"ಕೀ ಸಾಹೇಬ್ರ ಹತ್ರ ಇದೆ ಸರ್. ಅವ್ರು ಮೀಟಿಂಗಲ್ಲಿದಾರೆ," ಎಂದ ಕಾವಲುಗಾರ. "ಕಳುವಾದ್ರೆ ನನ್ ಕೆಲ್ಸ ಹೋಗುತ್ತೆ."

ಮಾನ್ಯರೇ, ಹೃದಯ ನಿಲ್ಲುವ ಮುನ್ನ ನಿಮ್ಮ ಮೀಟಿಂಗಿನ ವೇಳೆ ವಿಚಾರಿಸಿಕೊಳ್ಳಬೇಕಿತ್ತೆ? ಬೆಂಕಿ ಆರಿಸುವ ಸಿಲಿಂಡರಿಗೂ ಬೀಗ ಜಡಿದಿದ್ದೀರಾ? ಕುರ್ಚಿ ಎತ್ತಿ ಗಾಜು ಒಡೆದೆ. ಆಘಾತ ಕೊಡುವ ಪಟ್ಟಿಗಳನ್ನು ಎದೆಗೆ ಎಲ್ಲಿ ಅಂಟಿಸಬೇಕೆಂದು ಯಂತ್ರವೇ ಮಾತಾಡಿ ಹೇಳಿಕೊಟ್ಟಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಂದು ಆಘಾತಕ್ಕೆ ಅಕ್ಕನ ಮೈ ಅದುರಿತು. ಆಂಬುಲೆನ್ಸ್ ಬರುವ ಹೊತ್ತಿಗೆ ನಾಡಿ ಸಿಗುತ್ತಿತ್ತು.

ಅಕ್ಕ ಮನೆಗೆ ಬಂದಿದ್ದಾಳೆ. ನಗುತ್ತಾಳೆ, ರೇಗಿಸುತ್ತಾಳೆ. ಆದರೆ ತಾನು ವರ್ಷಗಟ್ಟಲೆ ಕೂಗಿದ ನಿಲ್ದಾಣಗಳ ಹೆಸರು ಅವಳ ನಾಲಿಗೆಗೆ ಬರುತ್ತಿಲ್ಲ. ಮಿದುಳಿಗೆ ರಕ್ತ ಹೋಗದ ಪ್ರತಿ ನಿಮಿಷವೂ ದುಬಾರಿ ಎನ್ನುತ್ತಾರೆ ವೈದ್ಯರು. ಅದರಲ್ಲಿ ನಿಮ್ಮ ಬೀಗದ ಪಾಲೆಷ್ಟು ಎಂದು ಅವರೂ ಹೇಳಲಾರರು. ನೀವು ಹೇಳುತ್ತೀರಾ?

ಮೊನ್ನೆ ಹೋಗಿ ನೋಡಿದೆ. ಒಡೆದ ಗಾಜಿನ ಜಾಗಕ್ಕೆ ಕಬ್ಬಿಣದ ಜಾಲರಿ ಬಂದಿದೆ, ಬೀಗ ಇನ್ನೂ ದೊಡ್ಡದಾಗಿದೆ. ಒಂದು ಜೀವ ಹೋಗಿ ಬಂದದ್ದರಿಂದ ನೀವು ಕಲಿತ ಪಾಠ ಇದು!

ಇಂದೇ ಆ ಬೀಗ ತೆಗೆಸಿ. ಕಾವಲುಗಾರನಿಂದ ಹಿಡಿದು ನಿಮ್ಮವರೆಗೆ ಎಲ್ಲರೂ ಎದೆ ಒತ್ತುವುದನ್ನು ಕಲಿಯಿರಿ, ಹೆಂಗಸಿನ ಎದೆಯಾದರೂ ಸರಿಯೇ. ಆಮೇಲೆ ಫೋಟೊದವರನ್ನು ಬಿಟ್ಟು ಒಬ್ಬರೇ ನಮ್ಮ ಮನೆಗೆ ಬನ್ನಿ. ಅಕ್ಕ ನಿಮಗಾಗಿ ಕಾಯುತ್ತಿದ್ದಾಳೆ. ನಿಲ್ದಾಣಗಳ ಹೆಸರು ಮರೆತಿರಬಹುದು, ಬೈಗುಳ ಒಂದೂ ಮರೆತಿಲ್ಲ.

ಇಂತಿ,
ಇದ್ದಬದ್ದ ಮರ್ಯಾದೆಯನ್ನೆಲ್ಲ ಈ ಪತ್ರಕ್ಕೇ ಖರ್ಚು ಮಾಡಿಕೊಂಡ
ಅವಳ ತಮ್ಮ