ಅಳತೆ ಟೇಪಿನ ಸಾಕ್ಷಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮುಗಳ ರಾಶಿ ಬಿದ್ದಿತ್ತು, ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಪುಟ್ಟಿ ಹಾಗೇ ಇದ್ದಾಳೆ. ಆ ಜ್ವರದಲ್ಲಿ ಮಲಗಿದವಳು ವರ್ಷಗಳಾದರೂ ಹೆತ್ತ ನಮ್ಮಿಬ್ಬರ ಗುರುತನ್ನೂ ಹಿಡಿಯುತ್ತಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವಳ ಮಂಚ. ನಮ್ಮಲ್ಲಿ ಒಬ್ಬರು ಹೊಲಿಗೆಗೆ ಕೂತರೆ ಇನ್ನೊಬ್ಬರು ಅವಳ ಮಗ್ಗುಲು ಬದಲಿಸುವುದು, ಹಾಲು ಕುಡಿಸುವುದು. ಏಳುತ್ತಾಳೆಂದು ಈಗ ಯಾವ ಡಾಕ್ಟರೂ ಹೇಳುವುದಿಲ್ಲ. ನಾನೂ ಕೇಳುವುದು ಬಿಟ್ಟಿದ್ದೇನೆ.

ಇವರು ಸೊರಗಿ ಕಡ್ಡಿಯಾಗಿದ್ದಾರೆ. ಪ್ಯಾಂಟಿನ ಸೊಂಟವನ್ನು ಎಷ್ಟು ಸಲ ಒಳಗೆ ಹಿಡಿದಿದ್ದೇನೋ, ಹಿಂದಿನ ಎರಡು ಜೇಬುಗಳೂ ಒಂದಕ್ಕೊಂದು ತಾಗುತ್ತಿವೆ. ನಗಬೇಡ. ನನ್ನದು ಉಲ್ಟಾ. ರವಿಕೆಗಳ ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಮುಗಿಸಿದ್ದೇನೆ. ಆಣೆ ಮಾಡಿ ಹೇಳುತ್ತೇನೆ ಅಕ್ಕ, ನಾವಿಬ್ಬರೂ ಉಣ್ಣುವುದು ಒಂದೇ ಪಾತ್ರೆಯಿಂದ, ಅದರಲ್ಲೂ ಅರ್ಧ ಉಳಿಯುತ್ತದೆ. ಇಬ್ಬರಿಗೂ ನಿದ್ದೆಯಿಲ್ಲ. ಆದರೂ ಗಿರಾಕಿಗಳು ಇವರನ್ನು ಕಂಡರೆ ಲೊಚಗುಟ್ಟುತ್ತಾರೆ. ನನ್ನನ್ನು ಕಂಡರೆ, ನಿನಗೇನಮ್ಮ, ಗುಂಡುಕಲ್ಲಿನ ಹಾಗಿದ್ದೀಯ ಎನ್ನುತ್ತಾರೆ. ಆ ಗುಂಡುಕಲ್ಲಿಗೆ ಈಗ ಸಕ್ಕರೆ ಕಾಯಿಲೆ.

ಪುಟ್ಟಿಯನ್ನು ನೋಡಲು ಬರುವ ಡಾಕ್ಟರಮ್ಮ ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದರು. ಹಗಲಿರುಳು ಕೊರೆಯುವ ಚಿಂತೆ, ಉಂಡದ್ದನ್ನು ಮೈ ಬಳಸಿಕೊಳ್ಳುವ ರೀತಿಯನ್ನೇ ಕೆಡಿಸುತ್ತದಂತೆ. ಚಿಂತೆ ಒಂದೇ ಆದರೂ ಗಂಡಸಿನ ಮೈ, ಹೆಂಗಸಿನ ಮೈ ಅದನ್ನು ಒಂದೇ ಥರ ತಾಳಿಕೊಳ್ಳಬೇಕೆಂದಿಲ್ಲವಂತೆ. "ಅವರನ್ನ ಕರಗಿಸ್ತಿರೋದೇ ನಿಮ್ಮನ್ನ ಊದಿಸ್ತಿದೆ ಕಣಮ್ಮ" ಎಂದರು. ಹೇಗೆಂದು ಪೂರ್ತಿ ಅರ್ಥವಾಗಲಿಲ್ಲ, ಆದರೆ ನನ್ನನ್ನೂ ಒಬ್ಬರು ನಂಬಿದರಲ್ಲ ಎಂದು ಅಲ್ಲೇ ಅತ್ತುಬಿಟ್ಟೆ. ಇವರಿಗೆ ಹೇಳಿದರೆ, ಹೆಂಗಸು ಹೆಂಗಸಿನ ಪರ ಮಾತಾಡದೆ ಇನ್ನೇನು ಎಂದರು.

ಹೋದ ವಾರ ಹೊಸ ರವಿಕೆಗೆ ಅಳತೆ ತೆಗೆಯಿರಿ ಎಂದೆ. ನಿನಗೆ ಗೊತ್ತಲ್ಲ, ಗಿರಾಕಿ ಬಾಯಲ್ಲಿ ಏನೇ ಹೇಳಲಿ, ಇವರು ನಂಬುವುದು ಟೇಪನ್ನಷ್ಟೇ. ಸುತ್ತು ಹಾಕಿದ ಟೇಪನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ, "ಮಗಳ ಸಂಕಟ ಅನುಭವಿಸಿದೋನು ನಾನೊಬ್ಬನೇ. ನಿಂಗೆ ಏನೂ ತಟ್ಟಿಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಕೊಂದಿತು. ಅಳತೆ ಬರೆದುಕೊಳ್ಳದೆ ಟೇಪು ಸುತ್ತಿಟ್ಟರು.

ನಾಳೆ ಇವರು ಪುಟ್ಟಿಯನ್ನು ತಮ್ಮ ತಂಗಿಯ ಮನೆಗೆ ಕರೆದೊಯ್ಯುತ್ತಾರೆ, ತಾವೂ ಅಲ್ಲೇ ಇರುತ್ತಾರಂತೆ. ಕರುಳು ಚುರ್ ಅನ್ನುವವರು ನೋಡಿಕೊಳ್ಳಲಿ ಎನ್ನುತ್ತಾರೆ. ಅಡ್ಡ ನಿಲ್ಲಬೇಕೆಂದುಕೊಂಡೆ. ಏನನ್ನು ತೋರಿಸಿ ನಿಲ್ಲಲಿ, ಈ ಮೈಯನ್ನೇ? ಅವಳ ಅಂಗಿಗಳನ್ನು ಮಡಿಸಿಟ್ಟಿದ್ದೇನೆ. ಮಲಗಿದ್ದಲ್ಲೇ ತೊಡಿಸಲು ಸುಲಭವಾಗಲೆಂದು ಎಲ್ಲವೂ ಬೆನ್ನ ಕಡೆ ತೆರೆಯುವಂತೆ ನಾನೇ ಹೊಲಿದವು.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿರಲಿ, ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಲಿ.

ನಿನ್ನ ತಂಗಿ

ಇನ್ನೊಂದು ಮಾತು: ನನ್ನ ವಿಷಯ ಕೇಳಲು ಇವರು ನಿನಗೂ ಫೋನ್ ಮಾಡಿದ್ದರಂತೆ. ಹೋದ ಸಲ ಬಂದಾಗ ನೋಡಿದೆನಲ್ಲ, ಮೈಕೈ ತುಂಬಿಕೊಂಡು ಆರಾಮಾಗಿದ್ದಾಳೆ ಎಂದೆಯಂತೆ. ನೀನು ಹಾಗಂದೆ ಎನ್ನುವುದು ಸುಳ್ಳೆಂದು ಬರೆ ಅಕ್ಕ. ಸುಳ್ಳಾಗಿದ್ದರೆ ಮಾತ್ರ ಬರೆ.