ಎರಡು ಕಣ್ಣುಗಳ ನಡುವಿನ ದೂರ

ಗುರುವಾರ, ಮಧ್ಯಾಹ್ನ
ಅಂಗಡಿಯ ಹಿಂಬದಿ ಮೇಜಿನಿಂದ

ಮಗಳ ತಂದೆಯವರಿಗೆ,

ನಮಸ್ಕಾರ. ಬಹುವಚನ ನೋಡಿ ಗಾಬರಿಯಾಗಬೇಡಿ. ಸಿಟ್ಟು ಬಂದಾಗ ನಾನು ಮರ್ಯಾದೆ ಜಾಸ್ತಿ ಕೊಡುವವಳು ಎಂಬುದು ನಿಮಗೆ ಹೊಸದಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಹೂಂ, ಹೂಂ ಎನ್ನುತ್ತ ನನ್ನ ಮಾತನ್ನು ಅರ್ಧದಲ್ಲೇ ಆರಿಸಿಬಿಡುತ್ತೀರಿ. ಕಾಗದಕ್ಕೆ ಆ ಚಾಳಿ ಇಲ್ಲ.

ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಕಣ್ಣಿಗೆ ಕಟ್ಟಿಕೊಂಡರೆ ಇಲ್ಲದ ಲೋಕ ಕಾಣಿಸುವ ಆ ವಿಆರ್ ಹೆಡ್‌ಸೆಟ್ಟನ್ನು ಕೊಳ್ಳುವುದು ಬೇಡ. ಅಂಗಡಿಯವರು ಒಂದು ತಿಂಗಳು ಬಳಸಿ ನೋಡಿ ಎಂದು ಕೊಟ್ಟ ಗಡುವು ಈ ಶನಿವಾರಕ್ಕೆ ಮುಗಿಯುತ್ತದಂತೆ. ಅಷ್ಟರೊಳಗೆ ತಿರುಗಿಸಿ ಕೊಟ್ಟುಬಿಡಿ. ನನಗೆ ಹಿಡಿಸಿದರೆ ಕೊಳ್ಳೋಣ, ಕೊಂಡರೆ ಅದು ನನ್ನ ಮನೆಯಲ್ಲೇ ಇರಲಿ, ಇನ್ನು ಮೇಲೆ ವಾರದ ಕೊನೆಗೆ ಮಗಳು ನಿಮ್ಮಲ್ಲಿಗೆ ಬರುವ ಬದಲು ನೀವೇ ಈ ಮನೆಗೆ ಬರುತ್ತೀರಿ ಎಂದು ಅವಳ ಬಾಯಲ್ಲಿ ಹೇಳಿ ಕಳಿಸಿದ್ದಿರಲ್ಲ, ಅದಕ್ಕೂ ಇದೇ ಉತ್ತರ. ಎರಡು ವರ್ಷದಿಂದ ಹೊಸಿಲು ತುಳಿಯದವರು ಒಂದು ಯಂತ್ರದ ನೆಪ ಹಿಡಿದು ಬರುವುದು ಬೇಡ.

ಇಷ್ಟು ಬರೆದು ಸಹಿ ಹಾಕಿದ್ದರೆ ನಾನು ದೊಡ್ಡ ಮನುಷ್ಯಳಾಗುತ್ತಿದ್ದೆ. ಆದರೆ ಹೊಟ್ಟೆಯೊಳಗಿರುವುದು ಅರಗುತ್ತಿಲ್ಲ.

ಆ ಯಂತ್ರ ನಿಮ್ಮ ಮನೆಗೆ ಬಂದಾಗಿನಿಂದ ಸೋಮವಾರ ಬೆಳಿಗ್ಗೆ ನಾನು ಮಗಳ ಕಣ್ಣಿಗೆ ಬೀಳುವುದೇ ಇಲ್ಲ. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಸಮುದ್ರದ ತಳದ ಕಥೆ ಶುರು. ತಿಮಿಂಗಿಲ ಮೈ ತಾಗುವಷ್ಟು ಹತ್ತಿರ ಬಂತಂತೆ, ಅದು ಇವಳನ್ನೇ ನೋಡಿತಂತೆ, ಹೆದರಿ ಕೈ ಚಾಚಿದರೆ ಅಪ್ಪನ ಕೈ ಅಲ್ಲೇ ಇತ್ತಂತೆ. ಸಮುದ್ರದ ತಳ ನಿಮ್ಮ ಪಾಲಿಗೆ; ಅವಳ ಕೊಳಕು ಕಾಲುಚೀಲ, ಗಣಿತದ ಟೆಸ್ಟು, ಬೇಗ ಏಳು, ತಲೆ ಬಾಚಿಕೋ, ಇವೆಲ್ಲ ನನ್ನ ಪಾಲಿಗೆ. ಹಂಚಿಕೆ ಚೆನ್ನಾಗಿದೆ. ನನಗೆ ಹೊಟ್ಟೆಕಿಚ್ಚಾಯಿತು, ಹಾಗೆಂದು ಬರೆಯಲು ನಾಚಿಕೆಯಿಲ್ಲ. ಒಂದು ದಿನ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಅಂಥದ್ದೇ ಇನ್ನೊಂದನ್ನು ನಾನೇ ಕೊಂಡು ತಂದರೆ ಹೇಗೆ ಎಂದು ಹೋಗಿ ವಿಚಾರಿಸಿಯೂ ಬಂದೆ. ಮಾರುವ ಹುಡುಗಿ, ಇದು ಈಗಷ್ಟೇ ಬಂದಿರುವ ಮಾಲು, ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಬಂದರೂ ಬರಬಹುದು ಎಂದಳು. ಇದನ್ನು ಓಡಿಸುವ ಕಂಪ್ಯೂಟರು ಬೇರೆಯೇ ಕೊಳ್ಳಬೇಕಂತೆ. ಕುದುರೆಗಿಂತ ಲಾಯವೇ ದುಬಾರಿ. ಸುಮ್ಮನೆ ಬಂದುಬಿಟ್ಟೆ.

ಹೀಗಿರುವಾಗ ಮೊನ್ನೆ ಭಾನುವಾರ ಸಂಜೆ ಮಗಳು ಟ್ಯಾಕ್ಸಿಯಿಂದ ಇಳಿದಳು. ಅವಳ ಹಿಂದೆಯೇ ನಿಮ್ಮ ಕಂಪ್ಯೂಟರು, ವೈರುಗಳ ಗಂಟು, ಎರಡು ಸ್ಟ್ಯಾಂಡು, ಒಂದು ಕರಿಯ ಪೆಟ್ಟಿಗೆ. ಸೋಫಾವನ್ನು ಗೋಡೆಗೆ ದೂಡಿ, ಮುಂದಿನ ಕೋಣೆಯಲ್ಲಿ ಎಲ್ಲವನ್ನೂ ಜೋಡಿಸಿ ಮುಗಿಸಿದವಳು ತಾನು ಮಾತ್ರ ಅದನ್ನು ಹಾಕಿಕೊಳ್ಳಲಿಲ್ಲ. ಯಾಕೆಂದರೆ, ಮೊದಲು ನಾನೇ ನೋಡಬೇಕೆಂದು ಅಪ್ಪ ಹೇಳಿದ್ದಾರಂತೆ. ಬೆಣ್ಣೆ ಹಚ್ಚುವ ಕೆಲಸ ಎಂದುಕೊಂಡೆ. ಮಾರನೆಯ ದಿನ ಅವಳು ಶಾಲೆಗೆ ಹೋದ ಮೇಲೆ, ಅಂಗಡಿ ತೆಗೆಯುವ ಮುಂಚೆ, ಆ ಪೆಟ್ಟಿಗೆ ಬಿಚ್ಚಿದೆ.

ಬಿಚ್ಚಿದವಳು ಬೇರೆ ಯಾವ ಕಸುಬಿನವಳಾಗಿದ್ದರೂ ನೀವು ಬಚಾವಾಗುತ್ತಿದ್ದಿರಿ. ಕನ್ನಡಕ ಮಾಡುವವಳ ಕೈಗೆ ಕೊಟ್ಟಿರಿ. ಒಂದು ಕಣ್ಣಿನ ಪಾಪೆಯಿಂದ ಇನ್ನೊಂದರ ಪಾಪೆಗೆ ಎಷ್ಟು ಮಿಲಿಮೀಟರ್ ಎಂದು ಅಳೆದ ಹೊರತು ನಾನಾಗಲಿ ನೀವಾಗಲಿ ಒಂದು ಲೆನ್ಸನ್ನೂ ಕೂರಿಸಿದವರಲ್ಲ. ಆ ಅಳತೆ ತಪ್ಪಿದರೆ ಹಾಕಿಕೊಂಡವರಿಗೆ ಮಸುಕು, ತಲೆನೋವು, ಆಮೇಲೆ ಅಂಗಡಿಯಲ್ಲಿ ಜಗಳ. ನಿಮ್ಮ ಯಂತ್ರದಲ್ಲೂ ಅದೇ ವ್ಯವಸ್ಥೆ ಇದೆಯಲ್ಲ. ಹಾಕಿಕೊಳ್ಳುವವರ ಕಣ್ಣಿಗೆ ತಕ್ಕಂತೆ ಲೆನ್ಸುಗಳನ್ನು ಸರಿಸುವ ಪುಟ್ಟ ಗುಂಡಿ, ಪಕ್ಕದಲ್ಲಿ ಅಂಕಿ. ಗುಂಡಿ ಅರವತ್ತೊಂದರಲ್ಲಿ ನಿಂತಿತ್ತು.

ಮಗಳದು ಐವತ್ತೆಂಟು. ಅವಳ ಕನ್ನಡಕ ಮಾಡಿದವಳೇ ನಾನು. ನಿಮ್ಮದು ಅರವತ್ತೆಂಟು. ಗುರುಗಳ ಕಾರ್ಖಾನೆಯಲ್ಲಿ ಕಸುಬು ಕಲಿಯುವಾಗ ಎದುರು ಸ್ಟೂಲಿನಲ್ಲಿ ಕೂತ ನಿಮ್ಮ ಮೂಗಿನ ಮೇಲೆ ಸ್ಕೇಲು ಇಟ್ಟು, ಕೈ ನಡುಗಿ, ಮೊದಲ ಸಲ ಎಪ್ಪತ್ತೆರಡು ಎಂದು ಹೇಳಿ ನಗೆಪಾಟಲಾದವಳು ನಾನೇ. ಮರೆಯುವ ಸಂಖ್ಯೆಯಲ್ಲ ಅದು. ಹಾಗಾದರೆ ಈ ಅರವತ್ತೊಂದು ಯಾರದು? ಗಂಡಸರದು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಯಾವುದೋ ಹೆಂಗಸಿನದು.

ಸುಮ್ಮನೆ ಅನುಮಾನ ಪಡುವವಳು ಎಂಬ ಹೆಸರು ನನಗೆ ಮೊದಲೇ ಇದೆ, ಆದ್ದರಿಂದ ಇನ್ನಷ್ಟು ಹುಡುಕಿದೆ. ಮುಖಕ್ಕೆ ಒತ್ತುವ ಮೆತ್ತೆ ಹೊಚ್ಚ ಹೊಸದು. ಮಗಳ ಬೆವರು ಹಿಡಿದ ಹಳೆಯದನ್ನು ತೆಗೆದು ಬೇರೆಯದನ್ನು ಹಾಕಿದ್ದೀರಿ. ಇನ್ನೊಬ್ಬರ ಬೆವರು ತಾಗಿದ್ದನ್ನು ಮುಟ್ಟದ ನಾಜೂಕಿನವಳು ಎಂದಾಯಿತು. ನಾನೂ ಹಾಗೇ ಅಲ್ಲವೇ? ನಾನು ಟವಲು ಬೇರೆ ಮಾಡಿದರೆ ಅತಿಯಾಯಿತು ಎನ್ನುತ್ತಿದ್ದಿರಿ. ಅವಳಿಗಾದರೆ ಹೊಸ ಮೆತ್ತೆ.

ಆ ಹೆಂಗಸು ನೋಡಿದ್ದು ಏನೆಂದು ನಾನೂ ನೋಡಬೇಕೆನಿಸಿತು. ಯಾವುದನ್ನೂ ಸರಿಸದೆ, ಅವಳ ಅಳತೆಯಲ್ಲೇ, ತಲೆಗೆ ಹಾಕಿಕೊಂಡೆ. ಸುಳ್ಳು ಹೇಳುವುದಿಲ್ಲ, ಅದ್ಭುತವಾಗಿತ್ತು. ಕಾಲಡಿ ಮರಳು, ತಲೆಯ ಮೇಲೆ ನೀಲಿ, ಎಲ್ಲಿಂದಲೋ ಆ ತಿಮಿಂಗಿಲ ತೇಲಿಕೊಂಡು ಬಂತು. ಅದರ ಚರ್ಮದ ಮೇಲಿನ ಗೀರುಗಳನ್ನೂ ಎಣಿಸಬಹುದಿತ್ತು. ಒಂದು ಚೂರು ಮಸುಕಿಲ್ಲ, ಒಂದು ಚೂರು ತಲೆಭಾರವಿಲ್ಲ. ಅಷ್ಟು ನಿಚ್ಚಳವಾಗಿ ಕಂಡಿದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. ಇಂಥ ಸಮುದ್ರದಲ್ಲಿ ಆ ಹೆಂಗಸನ್ನು ನಿಲ್ಲಿಸಿ, ಹೆದರಿ ಕೈ ಚಾಚಿದಾಗ ಹಿಡಿಯಲು ನೀವು ಪಕ್ಕದಲ್ಲೇ ನಿಂತಿರಬೇಕು. ತಿಮಿಂಗಿಲ ಹತ್ತಿರ ಬಂದಾಗ ನಾನೂ ಕೈ ಚಾಚಿದೆ. ಸೋಫಾದ ಹಿಡಿ ಸಿಕ್ಕಿತು.

ಅಲ್ಲಿಂದ ನಾಲ್ಕು ದಿನ ನನಗೆ ಅಂಗಡಿ ಬೇಡ, ಊಟ ಬೇಡ. ಮೊದಲ ಅನುಮಾನ ನಿಮ್ಮ ಮೇಲಿನ ಮಹಡಿಯ ಪಿಟೀಲು ಟೀಚರಮ್ಮನ ಮೇಲೆ. ಆದರೆ ಅವಳು ನಮ್ಮ ಗಿರಾಕಿ, ಅವಳದು ಅರವತ್ತನಾಲ್ಕು. ಅವಳಲ್ಲ ಎಂದು ಖಾತ್ರಿಯಾದಾಗ ಸಮಾಧಾನವಾಗುವ ಬದಲು ನಿರಾಸೆಯೇ ಆಯಿತು, ಯಾಕೆಂದರೆ ಅವಳನ್ನು ದ್ವೇಷಿಸುವುದು ನನಗೆ ಅಭ್ಯಾಸವಾಗಿತ್ತು. ಆಮೇಲೆ ಗಿರಾಕಿಗಳಲ್ಲಿ ಅರವತ್ತೊಂದರ ಅಳತೆಯ ಹೆಂಗಸರನ್ನೆಲ್ಲ ನೆನಪು ಮಾಡಿಕೊಂಡೆ. ಈಜು ಕಲಿಸುವವಳ ಮದುವೆ ಮೊನ್ನೆಯಷ್ಟೇ ಆಗಿದೆ. ಇನ್ನುಳಿದವಳು ಲೈಬ್ರರಿಯಾಕೆ. ಪಾಪ, ಆಕೆ ಮಂಗಳವಾರ ಫ್ರೇಮಿನ ಸ್ಕ್ರೂ ಬಿಗಿಸಿಕೊಳ್ಳಲು ಬಂದಳು. ಮೂಗಿನ ಮೇಲೆ ಕೂರಿಸಿ ನೋಡುವ ನೆಪದಲ್ಲಿ ಅವಳ ಮುಖವನ್ನು ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ, ಅವಳೇ ಏನಾದರೂ ತೊಂದರೆಯೇ ಎಂದು ಕೇಳಿದಳು. ಈಗ ಹೊಸದಾಗಿ ಏನೋ ಬಂದಿದೆಯಂತಲ್ಲ, ಕಣ್ಣಿಗೆ ಕಟ್ಟಿಕೊಂಡರೆ ಸಮುದ್ರ ಕಾಣುತ್ತದಂತೆ, ನೋಡಿದ್ದೀರಾ ಎಂದೆ. ಬಸ್ಸು ಹತ್ತಿದರೇ ವಾಂತಿಯಾಗುತ್ತದೆ, ಇನ್ನು ಸಮುದ್ರವಂತೆ ಎಂದು ನಕ್ಕು ಹೋದಳು. ಸ್ಕ್ರೂವಿನ ದುಡ್ಡನ್ನೂ ಕೇಳಲಿಲ್ಲ ನಾನು.

ಕೊನೆಗೆ ಮಗಳ ಬಾಯಿ ಬಿಡಿಸಲು ನೋಡಿದೆ. ಅಪ್ಪನ ಮನೆಗೆ ಯಾರಾದರೂ ಬರುತ್ತಾರಾ ಎಂದು, ಅನ್ನದ ಪಾತ್ರೆಯ ಕಡೆಗೇ ಕಣ್ಣಿಟ್ಟು, ಏನೂ ಅಲ್ಲವೆಂಬಂತೆ ಕೇಳಿದೆ. ಗ್ಯಾಸಿನವನು ಬರುತ್ತಾನೆ ಎಂದಳು. ಪೆಟ್ಟಿಗೆ ಕಟ್ಟುವಾಗ ಬೇರೆ ಯಾರಿದ್ದರು ಎಂದೆ. ಯಾರೂ ಇಲ್ಲ, ಅಪ್ಪ ತನಗೂ ಮುಟ್ಟಲು ಬಿಡದೆ ತಾವೇ ಕೂತು ಎಲ್ಲ ಸರಿಮಾಡಿ ಇಟ್ಟರು ಎಂದಳು. ಸಾಕ್ಷಿ ಅಳಿಸಲು ಕೂತವರು ಗುಂಡಿಯೊಂದನ್ನು ಮರೆತಿರಿ. ಕಳ್ಳ ಎಷ್ಟೇ ಜಾಣನಾದರೂ ಒಂದು ಕುರುಹು ಬಿಟ್ಟೇ ಹೋಗುತ್ತಾನೆ.

ಮನೆ ಬಿಟ್ಟ ದಿನ ಬಾಗಿಲಲ್ಲಿ ನಿಂತು ನೀವು ಒಂದು ಮಾತು ಹೇಳಿದಿರಿ. “ನೀನು ನನ್ನ ನೋಡಲ್ಲ ಕಣೇ, ಕಾವಲು ಕಾಯ್ತೀಯ.” ಎರಡು ವರ್ಷದಿಂದ ಆ ಮಾತು ಅಂಗಡಿಯ ಕನ್ನಡಿಗಳಲ್ಲೆಲ್ಲ ನನ್ನನ್ನು ಕೆಣಕುತ್ತಿದೆ. ಈಗ ಹೇಳಿ, ಕಾಯುವವಳು ಇಲ್ಲದ ಹೊಲಕ್ಕೆ ಯಾರೋ ನುಗ್ಗಿದ್ದಾರೆ ತಾನೆ? ನೀವು ಯಾರ ಜೊತೆ ಯಾವ ಸಮುದ್ರಕ್ಕಾದರೂ ಇಳಿಯಿರಿ, ನಾನು ಕೇಳುವವಳಲ್ಲ. ಆದರೆ ಅವಳ ಕಣ್ಣಳತೆಯ ಯಂತ್ರವನ್ನು ನನ್ನ ಮುಂದಿನ ಕೋಣೆಯಲ್ಲಿಟ್ಟು, ಹಿಡಿಸಿತಾ ಎಂದು ನನ್ನನ್ನೇ ಕೇಳುತ್ತೀರಲ್ಲ, ಅದು ಅನ್ಯಾಯ. ನೀವು ಬರುತ್ತೀರಿ ಎಂದು ಮಗಳು ಹೇಳಿದಾಗ, ಒಂದು ಕ್ಷಣ, ನಾನು ಪರದೆ ಒಗೆಯಬೇಕು ಎಂದುಕೊಂಡಿದ್ದೆ. ಆ ಒಂದು ಕ್ಷಣಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು.

ಶನಿವಾರ ಟ್ಯಾಕ್ಸಿ ಕಳಿಸಿ, ಸಾಮಾನೆಲ್ಲ ಕಟ್ಟಿ ಇಡುತ್ತೇನೆ. ಮಗಳು ಎಂದಿನಂತೆ ನಿಮ್ಮಲ್ಲಿಗೇ ಬರಲಿ. ನೀವು ಬರುವುದು ಬೇಡ.

ಇಂತಿ,
ನಿಮ್ಮ ಮಗಳ ತಾಯಿ

ಲಕೋಟೆ ಅಂಟಿಸುವ ಮುಂಚೆ, ಶುಕ್ರವಾರ ಬೆಳಿಗ್ಗೆ:

ನಿನ್ನೆ ಸಂಜೆ ಮಗಳು ಅಂಗಡಿಗೆ ಬಂದಾಗ ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದು, ಸರಿಯಿದೆಯೇ ಎಂದು ಕೈ ಉದ್ದಕ್ಕೆ ಚಾಚಿ ಓದುತ್ತಿದ್ದೆ. ಅವಳು ನಗಲು ಶುರುಮಾಡಿದಳು. ಬೇರೆಯವರು ಹೀಗೆ ದೂರ ಹಿಡಿದು ಓದಿದರೆ, ಚಾಳೀಸು ಬಂತು ಎಂದು ನಾನು ಆ ಕ್ಷಣವೇ ಸ್ಟೂಲಿನ ಮೇಲೆ ಕೂರಿಸುತ್ತೇನಂತೆ. ಹಾಗೆಂದು ನನ್ನನ್ನೇ ಗಿರಾಕಿಯ ಸ್ಟೂಲಿನ ಮೇಲೆ ಕೂರಿಸಿ, ಅಲುಗಾಡಬೇಡ ಎಂದು ಗದರಿ, ಮೂಗಿನ ಮೇಲೆ ಸ್ಕೇಲು ಇಟ್ಟಳು. ಅವಳ ಕೈ ನಡುಗಲಿಲ್ಲ, ನಿನ್ನನ್ನೇ ಹೋಲುತ್ತಾಳೆ.

“ಅರವತ್ತೊಂದು, ಬರ್ಕೋ ಅಮ್ಮ” ಎಂದಳು.

ಇನ್ನೊಮ್ಮೆ ಅಳೆ ಎಂದೆ. ಅಳೆದಳು. ದೀಪದ ಕೆಳಗೆ ಬಂದು ಮತ್ತೆ ಅಳೆ ಎಂದೆ. ಅಷ್ಟೇ ಬಂತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದ ಹಾಗಾಯಿತು. ಇಡೀ ಬೀದಿಯ ಕಣ್ಣು ಅಳೆದವಳು ನಾನು. ಕನ್ನಡಕ ಬೇಕಾಗದ ನನ್ನ ಕಣ್ಣನ್ನು ಅಳೆದಿದ್ದು ಒಂದೇ ಒಂದು ಸಲ, ಅದೇ ಕಾರ್ಖಾನೆಯಲ್ಲಿ, ನನ್ನ ಸರದಿ ಮುಗಿದ ಮೇಲೆ ನಿನ್ನ ಸರದಿ ಬಂದಾಗ. ಎಷ್ಟು ಎಂದು ಕೇಳಿದ್ದೆ. “ನಂಗೆ ನೆನಪಿದ್ರೆ ಸಾಕು ಬಿಡು” ಎಂದಿದ್ದೆ ನೀನು. ಹದಿನೆಂಟು ವರ್ಷ ನೆನಪಿಟ್ಟುಕೊಂಡೆಯಲ್ಲ, ಕಳ್ಳ.

ಆ ಸಮುದ್ರ ಯಾಕೆ ಅಷ್ಟು ನಿಚ್ಚಳವಾಗಿ ಕಂಡಿತು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಹೆಂಗಸಿನ ಮೇಲೆ ನಾಲ್ಕು ದಿನ ಎಷ್ಟು ಉರಿದೆನೆಂದರೆ, ಅದು ನಾನೇ ಎಂದು ತಿಳಿದ ಮೇಲೂ ಉರಿ ಪೂರ್ತಿ ಇಳಿದಿಲ್ಲ. ಅವಳಿಗೆ ಹೊಸ ಮೆತ್ತೆ ಹಾಕಿಟ್ಟೆಯಲ್ಲ, ನನಗೆ ಬಾಯಿಬಿಟ್ಟು ಒಂದು ಮಾತು ಹೇಳಲು ಏನಾಗಿತ್ತು ನಿನಗೆ?

ಮೇಲೆ ಬರೆದದ್ದನ್ನೆಲ್ಲ ಹರಿದು ಹಾಕಿ, ಬಾ ಎಂದು ಒಂದೇ ಸಾಲು ಬರೆಯೋಣವೆಂದು ಕಾಗದ ತೆಗೆದಿಟ್ಟಿದ್ದೆ. ಬೇಡವೆನಿಸಿತು. ಹರಿದು ಹಾಕಿದರೂ ಅದನ್ನು ಬರೆದವಳು ಈ ಮನೆಯಲ್ಲೇ ಇರುತ್ತಾಳೆ, ನೀನು ಬಂದರೆ ಬಾಗಿಲು ತೆಗೆಯುವವಳೂ ಅವಳೇ. ಅಂಚೆಗೆ ಹಾಕಿದರೆ ಗಡುವಿನೊಳಗೆ ಮುಟ್ಟದು, ಇವತ್ತು ಸಂಜೆ ಮಗಳೇ ತಂದು ಕೊಡುತ್ತಾಳೆ. ಮೊದಲಿನಿಂದ ಪೂರ್ತಿ ಓದು. ಓದಿದ ಮೇಲೂ ಬರಬೇಕೆನಿಸಿದರೆ, ನಾಳೆ ಅಂಗಡಿಯವರಿಗೆ ದುಡ್ಡು ಕಟ್ಟಿ ಬಾ, ಅರ್ಧ ನನ್ನದು. ಬರೀ ಟ್ಯಾಕ್ಸಿ ಕಳಿಸಿದರೆ ಅದೇ ನಿನ್ನ ಉತ್ತರ ಎಂದು ತಿಳಿದುಕೊಳ್ಳುತ್ತೇನೆ, ಸಾಮಾನು ಕೊಟ್ಟು ಕಳಿಸುತ್ತೇನೆ.

ಪರದೆಯಂತೂ ಒಗೆದಾಗಿದೆ. ಮಗಳಿಗೆ ಒಂದು ಕಟ್ಟಪ್ಪಣೆ ಮಾಡಿದ್ದೇನೆ, ನೀನು ಬಂದರೆ ನಿನಗೂ ಅದೇ: ಯಾರು ಬೇಕಾದರೂ ಆಡಿಕೊಳ್ಳಲಿ, ಮುಗಿದ ಮೇಲೆ ಆ ಗುಂಡಿಯನ್ನು ಅರವತ್ತೊಂದಕ್ಕೇ ತಂದಿಡಬೇಕು.